ಏಳುಕೆರೆಯ ಹಾಳೆಗೆ ಬಿದ್ದ ಬೀಗ

ಡಂಗುರದವನು ಏಳುಕೆರೆ ರಾಜ್ಯದ ಬೀದಿಬೀದಿಯಲ್ಲಿ ಸಾರಿದ್ದು ಇಷ್ಟು: ಅರಮನೆಯ ನೀರಿನ ಹಾಳೆಯನ್ನು ಬೇಡದ ಕೈಗಳಿಂದ ಕಾಯಬಲ್ಲವನು ಬರಲಿ, ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಲಿ. ಗೆದ್ದರೆ ಮದುವೆ, ಸೋತರೆ ಹುಣ್ಣಿಮೆಯ ದಿನ ತಲೆದಂಡ.

ನೀರಿನ ಹಾಳೆಯೆಂದರೆ ಅರಮನೆಯ ಕಂಪ್ಯೂಟರಿನಲ್ಲಿದ್ದ ಸ್ಪ್ರೆಡ್‌ಶೀಟು. ಅದರ ಚೌಕದ ಮನೆಗಳಲ್ಲಿ ಊರವರು ತಮ್ಮ ಬೆಳೆ ಬರೆದರೆ, ಪಕ್ಕದ ಮನೆಯ ಸೂತ್ರ ಯಾರಿಗೆ ಯಾವಾಗ ನೀರು ಎಂದು ಹೇಳುತ್ತಿತ್ತು. ಈಚೆಗೆ ಯಾರದೋ ಕೈಯಾಡಿ ಸೂತ್ರಗಳು ಅಳಿಸಿಹೋಗುತ್ತಿದ್ದವು. ಭತ್ತದ ಗದ್ದೆ ಬಿರುಕುಬಿಟ್ಟು, ಕುದುರೆ ಲಾಯದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು.

"ಹಾಳೆಯ ಪ್ರತಿ ಮನೆಗೂ ಹುಟ್ಟಿನಿಂದಲೇ ಬೀಗವಿದೆ, ಆದರೂ ಬಂದವರೆಲ್ಲ ಒಳಗೆ ನುಗ್ಗುತ್ತಾರೆ. ಯಾಕೆ?" ಎಂದು ಪದುಮಲೆ ಕೇಳಿದಳು. ಬೀಗ ತುಕ್ಕು ಹಿಡಿದಿದೆ ಎಂದ ಮಂತ್ರಿಯ ಮಗ ನೇರ ಸೆರೆಮನೆಗೆ ಹೋದ. "ಮುಚ್ಚುವವನು ಮೊದಲು ತೆರೆಯಬೇಕಾದದ್ದು ಯಾವುದು?" ಎಂಬುದು ಎರಡನೆಯದು. ಕಣ್ಣು ಎಂದು ಮೀಸೆ ತಿರುವಿದ ದಳವಾಯಿಯೂ ಹಿಂದೆಯೇ ಹೋದ. ಮೂರನೆಯ ಒಗಟಿನವರೆಗೆ ಬಂದವನು ಆಸ್ಥಾನ ಪಂಡಿತನೊಬ್ಬನೇ. "ಆ ಬೇಡದ ಕೈ ಯಾರದು?" ಎಂದಾಗ ಅವನು ಅರಸನತ್ತ ಕೈಮುಗಿದು, ಶತ್ರುರಾಜನದು ಎಂದ. ಪಾಪ, ಅಷ್ಟು ಓದಿದ್ದೂ ದಂಡವಾಯಿತು.

ಆಗ ಬಂದವನು ನೀರುಗಂಟಿ ದ್ಯಾವ. ಹಾಳೆ ಹೇಳಿದಂತೆ ಕೆರೆಯ ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ಹಾಳೆ ಕೆಟ್ಟಾಗ ಬೈಗುಳ ತಿನ್ನುವುದೂ ಅವನದೇ ಪಾಲು. ಕೆಸರುಗಾಲಿನಲ್ಲೇ ನಿಂತ ಅವನನ್ನು ಕಂಡು ಸಭೆ ಮುಸಿಮುಸಿ ನಕ್ಕಿತು.

"ತೂಬಿಗೆ ಬಿರಡೆ ಇದ್ರೆ ಸಾಕಾ ತಾಯಿ, ಹಾಕ್ಬೇಕಲ್ಲ. ಮನೆಗೆಲ್ಲ ಬೀಗ ಐತೆ. ಇಡೀ ಹಾಳೆಗೆ ರಕ್ಷಣೆ ಹಾಕೋಗಂಟ ಅದು ಕಚ್ಚಲ್ಲ," ಎಂದ ದ್ಯಾವ. ಎರಡನೆಯದಕ್ಕೂ ತಡವರಿಸಲಿಲ್ಲ. ಊರವರು ಬೆಳೆ ಬರೆಯುವ ಮನೆಗಳ ಬೀಗವನ್ನು ಮೊದಲು ತೆಗೆದು, ಆಮೇಲೆ ರಕ್ಷಣೆ ಹಾಕಬೇಕು, ಇಲ್ಲದಿದ್ದರೆ ಕಳ್ಳನ ಜೊತೆ ರೈತನೂ ಹೊರಗುಳಿಯುತ್ತಾನೆ ಎಂದು ವಿವರಿಸಿದ.

ಮೂರನೆಯದು ಬಂದಾಗ ಅವನು ಒಮ್ಮೆ ಅರಸನತ್ತ ನೋಡಿದ. ಉತ್ತರ ಸಭೆಗೆಲ್ಲ ಗೊತ್ತಿತ್ತು, ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅರಸನ ಮಗಳೇ ನೇರವಾಗಿ ಹೇಳಲಾಗದೆ ಅದನ್ನು ಒಗಟು ಮಾಡಿದ್ದಳು. ದ್ಯಾವನಿಗೆ ತಲೆ ಉಳಿಸಿಕೊಳ್ಳುವ ಆಸೆಯಿತ್ತು, ಒಣಗುವ ಗದ್ದೆಯೂ ಕಣ್ಣಮುಂದಿತ್ತು.

"ತಪ್ಪು ತಿಳೀಬ್ಯಾಡಿ ಬುದ್ಧಿ. ಆ ಕೈ ತಮ್ಮದೇಯ. ಯಾವ ಕಾಗದ ನೋಡಿದ್ರೂ ತಾವು 'ಶ್ರೀ' ಬರೀತೀರಲ್ಲ, ಅದೇ ರೂಢಿಲಿ ದಿನಾ ಬೆಳಿಗ್ಗೆ ಹಾಳೆ ತೆಗೆದು, ಬೆರಳಿಗೆ ಸಿಕ್ಕಿದ ಮನೇಲಿ ಶ್ರೀ ಬರೀತೀರಿ. ಅಡೀಲಿದ್ದ ಸೂತ್ರ ಹೊಂಟೋಯ್ತದೆ."

ಅರಸ ಬಂಕರಾಯ ತನ್ನ ಬೆರಳನ್ನೇ ನೋಡುತ್ತ ಕುಳಿತ. ಆಮೇಲೆ ಅವನ ಹೊಟ್ಟೆ ಕುಲುಕಿತು, ಕಿರೀಟ ವಾಲಿತು, ನಗು ತಡೆಯಲಾಗಲಿಲ್ಲ. "ನೀರು ಕೆಡಿಸಿದ ನನ್ನ ತಲೆಯೇ ಗಟ್ಟಿಯಾಗಿ ಕೂತಿರುವಾಗ ಬೇರೆಯವರದು ಯಾಕೆ ಬೀಳಬೇಕು?" ಎಂದು ಸೋತ ಮೂವರನ್ನೂ ಬಿಡಿಸಿದ.

ಪದುಮಲೆ ದ್ಯಾವನನ್ನು ನಗುತ್ತ ಒಪ್ಪಿದಳು. ಇಬ್ಬರೂ ಸೂತ್ರಗಳನ್ನು ಸರಿಮಾಡಿ, ಹಾಳೆಗೆ ರಕ್ಷಣೆ ಹಾಕಿ, ಪಾಸ್‌ವರ್ಡನ್ನು ಅರಸನಿಂದ ಬಚ್ಚಿಟ್ಟರು. ಅವನು ಮುಖ ಸಣ್ಣದು ಮಾಡಿಕೊಂಡದ್ದು ಕಂಡು, ಮೂಲೆಯಲ್ಲಿ ಅವನಿಗಾಗಿಯೇ ಒಂದು ಮನೆಯ ಬೀಗ ತೆಗೆದುಕೊಟ್ಟರು. ಬಂಕರಾಯ ಹಿಗ್ಗಿ ಅದರಲ್ಲಿ ಮೊದಲು ಬರೆದದ್ದು ಮಗಳ ಮದುವೆಯ ಮುಹೂರ್ತ.