ಕರೆಯದೆ ಎದ್ದವರನ್ನು ಮಲಗಿಸಿದ ತಿಪ್ಪೇಶ

ಮತ್ತೆ ಅಡ್ಡ ಬಂದಿರಾ? ನಾನು ಬಾಯಿ ತೆರೆದಾಗಲೆಲ್ಲ ಮುಚ್ಚಿಸುತ್ತೀರಿ. ಒಬ್ಬಳಿಗೆ ನೀರು ಬೇಕು, ಒಬ್ಬನಿಗೆ ಉಚ್ಚೆ ಬಂತು, ಇನ್ನೊಬ್ಬನಿಗೆ ಚಪಾತಿ ಹಿಟ್ಟಿನಲ್ಲಿ ಆನೆ ಮಾಡಿಕೊಡಬೇಕಂತೆ. ನನ್ನ ಕೈಯಲ್ಲಿ ಲಟ್ಟಣಿಗೆ ಇದೆ, ನೆನಪಿರಲಿ. ಇನ್ನು ಯಾರಾದರೂ ನಡುವೆ ಸೊಲ್ಲೆತ್ತಿದರೆ ಕತೆಯೂ ಇಲ್ಲ, ಚಪಾತಿಯೂ ಇಲ್ಲ. ಕೂತುಕೊಳ್ಳಿ. ಕೇಳಿ.

ನಮ್ಮಂಥದ್ದೇ ಒಂದು ಊರು. ಆ ಊರಲ್ಲಿ ಹಾಲಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ತಿಪ್ಪೇಶ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಏನು ಹೇಳಿದರೆ ಅದನ್ನೇ ಮಾಡುವವನು, ಅಷ್ಟನ್ನೇ ಮಾಡುವವನು. "ಹಾಲು ನೋಡ್ಕೋ" ಅಂದರೆ ಅದು ಉಕ್ಕಿ ಒಲೆ ಆರುವ ತನಕ ನೋಡಿಕೊಂಡೇ ನಿಲ್ಲುವವನು.

"ಯಾವ ಜನ್ಮದ ಪಾಪವೋ ನೀನು!" ಅಂತ ಹಾಲಮ್ಮ ಹಣೆ ಚಚ್ಚಿಕೊಂಡರೆ, "ನಂಗೊತ್ತಿಲ್ಲವ್ವಾ, ಕೇಳ್ಕೊಂಡು ಬರ್ಲಾ?" ಅನ್ನುವವನು.

ಹಾಲಮ್ಮ ಕಂಡವರ ಮನೆಯ ಮುಸುರೆ ತಿಕ್ಕಿ ತಿಕ್ಕಿ, ಕೊನೆಗೆ ಒಂದು ಕಸೂತಿ ಮಷಿನ್ ಇಟ್ಟುಕೊಂಡಿದ್ದಳು. ಕಂಪ್ಯೂಟರಿನಲ್ಲಿ ನವಿಲೋ ಮಾವಿನಕಾಯೋ ಆರಿಸಿ ಮಷಿನ್‌ಗೆ ಕಳಿಸಿದರೆ, ಅದು ಟಕಟಕ ಅಂತ ರವಿಕೆ ತೋಳಿನ ಮೇಲೆ ಹೊಲಿದುಬಿಡುತ್ತಿತ್ತು. ಕಂಪ್ಯೂಟರ್ ಎದ್ದರೆ ಮಷಿನ್, ಮಷಿನ್ ಓಡಿದರೆ ಅನ್ನ. ಆದರೆ ಆ ಕಂಪ್ಯೂಟರ್ ಏಳಬೇಕಲ್ಲ! ಸ್ವಿಚ್ ಒತ್ತಿ, ಕಸ ಗುಡಿಸಿ, ಪಾತ್ರೆ ತೊಳೆದು, ತಲೆ ಬಾಚಿಕೊಂಡು ಬಂದರೂ ಸ್ಕ್ರೀನಿನ ಮೇಲೆ ಆ ಉಂಗುರ ಗಿರಗಿರ ತಿರುಗುತ್ತಲೇ ಇರುತ್ತಿತ್ತು.

ಅಂಥ ಹೊತ್ತಿನಲ್ಲಿ ಬಂದಳು ಸರ್ವಮಂಗಳಮ್ಮ. ಊರಲ್ಲಿ ಅವಳ ಮಾತಿಗೆ ಎದುರಿಲ್ಲ. ಶುಕ್ರವಾರ ಬೆಳಿಗ್ಗೆ ಅವಳ ಮಗಳ ಮದುವೆ. ಮದುವೆ ರವಿಕೆಯ ಮೈ ಟೈಲರ್ ಕೊಟ್ರಪ್ಪನ ಹತ್ತಿರ ಹೊಲಿಸಿಕೊಂಡು ಕೂತಿತ್ತು. ಎರಡು ತೋಳು ಮಾತ್ರ ಹಾಲಮ್ಮನ ಹತ್ತಿರ ಬಂದವು, ಒಂದೊಂದರ ಮೇಲೆ ಒಂದೊಂದು ನವಿಲು ಕೂರಬೇಕು.

"ಹಾಲಮ್ಮಾ, ಇದು ನೆಟ್ಟಗಾದರೆ ನಮ್ಮ ಕಡೆಯ ಬಟ್ಟೆಯೆಲ್ಲ ಇನ್ಮೇಲೆ ನಿನ್ನ ಹತ್ರ. ಕೆಟ್ಟರೆ ಈ ಊರಲ್ಲಿ ಒಂದು ಕರ್ಚೀಫೂ ನಿನ್ನ ಬಾಗಿಲಿಗೆ ಬರದ ಹಾಗೆ ಮಾಡ್ತೀನಿ."

ಬರದಿದ್ದರೆ ಮತ್ತೆ ಮುಸುರೆ. ಹಾಲಮ್ಮ ಮಗನನ್ನು ಕೂಗಿದಳು.

"ಲೋ ತಿಪ್ಪ! ಓಡು! ರಿಪೇರಿ ಶಫಿನ್ನ ಕೇಳ್ಕೊಂಡು ಬಾ, ಈ ದರಿದ್ರದ್ದು ಬೇಗ ಏಳೋಕೆ ಏನು ಮಾಡ್ಬೇಕು ಅಂತ!"

ಶಫಿ ಬೈಕಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಮಲಗಿದ್ದ. ಮಲಗಿದಲ್ಲಿಂದಲೇ ಹೇಳಿದ: "ಅದು ಏಳೋ ಹೊತ್ತಿಗೆ ಅದರ ಜೊತೆ ಬೇಡದ್ದೆಲ್ಲ ಎದ್ದು ಕೂರ್ತವೆ ಕಣಯ್ಯಾ, ಅದಕ್ಕೇ ನಿಧಾನ. ಕರೆಯದೆ ತಾವಾಗೇ ಶುರುವಾಗೋದನ್ನೆಲ್ಲ ನಿಲ್ಲಿಸಿಬಿಡು. ಕೆಲಸ ಸರಸರ ಆಗ್ತದೆ."

"ತಾವಾಗೇ ಶುರುವಾಗೋದನ್ನೆಲ್ಲ ನಿಲ್ಲಿಸೋದು. ನಿಲ್ಲಿಸೋದು. ನಿಲ್ಲಿಸೋದು." ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಬಂದ ತಿಪ್ಪೇಶ.

ಮಾರನೆಯ ದಿನ ಬೆಳಿಗ್ಗೆ ಹಾಲಮ್ಮ ಹಾಸಿಗೆಯಿಂದ ಏಳಲು ಹೋದಳು. ಮಗ ಬಂದು ಎರಡೂ ಭುಜ ಹಿಡಿದು ಮಲಗಿಸಿದ. "ನಿನ್ನ ಯಾರೂ ಕರೆದಿಲ್ಲ! ಮಲಕ್ಕೋ!" ಮೇಲೆ ಕಂಬಳಿ ಹೊದಿಸಿ ಬಾಗಿಲಿಗೆ ಚಿಲಕ ಹಾಕಿದ. ಹಾಲಿನವನು ಬಂದ. "ಯಾರು ಕರೆದರು ನಿನ್ನ?" ಅವನೂ ಹೋದ. ಅಷ್ಟರಲ್ಲಿ ಬೀದಿಯ ನಲ್ಲಿ ಗೊರಗೊರ ಅಂತು. ಆ ಊರಲ್ಲಿ ನಲ್ಲಿ ನೀರು ಬರುವುದು ವಾರಕ್ಕೊಂದು ಸಲ. ಬೀದಿಗೆ ಬೀದಿಯೇ ಕೊಡ, ಬಕೆಟ್ಟು, ಡ್ರಮ್ಮು ಹಿಡಿದು ಓಡಿತು. ತಿಪ್ಪೇಶನೂ ಓಡಿದ. ಮನೆ ಮುಂದಿನ ನಲ್ಲಿಯನ್ನು ಕಟ್ಟಿಂಗ್ ಪ್ಲೇಯರ್ ಹಾಕಿ ತಿರುಗಿಸಿ ತಿರುಗಿಸಿ ಬಿಗಿದ. "ತಾನಾಗೇ ಬರ್ತೀಯಾ? ಕರೆಯದೇ ಬರ್ತೀಯಾ?"

ಹಾಲಮ್ಮ ಚಿಲಕ ಮುರಿದು ಹೊರಗೆ ಬರುವಷ್ಟರಲ್ಲಿ ನೀರು ನಿಂತು ಹೋಗಿತ್ತು.

"ಅಯ್ಯೋ ನಿನ್ನ ವಂಶ ತೊಳೆಯ! ಇನ್ನು ಒಂದು ವಾರ ಏನು ಕುಡಿಯೋಣ, ನಿನ್ನ ಜೊಲ್ಲಾ? ಶಫಿ ಹೇಳಿದ್ದು ಹೊರಗಿನದಲ್ಲ ಕಣೋ! ಕಂಪ್ಯೂಟರ್ ಒಳಗೆ ತಾನಾಗೇ ಶುರುವಾಗೋದನ್ನ ನಿಲ್ಲಿಸ್ಬೇಕು. ಒಳಗೆ! ಒಳಗೆ! ಒಳಗೆ!"

"ಅಷ್ಟೇ ತಾನೇ? ಮೊದಲೇ ಹೇಳಬಾರದಾ?" ಅಂದ ತಿಪ್ಪೇಶ.

ಬಿಂದಿಗೆ ಹೊತ್ತು ಹಾಲಮ್ಮ ಬೋರ್‌ವೆಲ್ಲಿನ ಕಡೆ ಹೋದಳು. ಇವನು ಸ್ಕ್ರೂಡ್ರೈವರ್ ತಂದು ಕಂಪ್ಯೂಟರಿನ ಡಬ್ಬ ಬಿಚ್ಚಿದ. ಸ್ವಿಚ್ ಹಾಕಿ ಒಳಗೆ ಬಗ್ಗಿ ನೋಡಿದ. ಎಲ್ಲ ಸುಮ್ಮನಿವೆ, ಒಂದು ಪುಟ್ಟ ಫ್ಯಾನ್ ಮಾತ್ರ ಗಿರ್ರಂತ ತಿರುಗುತ್ತಿದೆ. ಯಾರೂ ಕರೆದಿಲ್ಲ, ತಾನಾಗೇ! "ಸಿಕ್ಕಿಬಿದ್ದೆಯಾ ಕಳ್ಳ!" ಅಂತ ಅದರ ರೆಕ್ಕೆಯ ನಡುವೆ ದಾರದ ಉಂಡೆ ತುರುಕಿದ. ಫ್ಯಾನ್ ನಿಂತಿತು. ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಕಾದ ಹಂಚಿನಂತಾಗಿ, ಟಪ್ ಅಂತ ತಾನೂ ನಿಂತಿತು.

"ಅವ್ವಾ, ಒಳಗಿನದು ನಿಲ್ಲಿಸಿದೆ. ಜೊತೆಗೆ ಹೊರಗಿನದೂ ನಿಂತಿತು, ಅದು ಫ್ರೀ!"

ಹಾಲಮ್ಮ ಬಿಂದಿಗೆ ಕುಕ್ಕಿದಳು. "ನಿನ್ನ ಮೂಗಿಗೆ ಬಟ್ಟೆ ತುರುಕಿದರೆ ನೀನು ಬದುಕ್ತೀಯಾ? ಅದು ಅದರ ಉಸಿರು ಕಣೋ!" ದಾರ ಕಿತ್ತಳು, ಡಬ್ಬ ಮುಚ್ಚಿದಳು, ಅದು ತಣ್ಣಗಾಗುವ ತನಕ ಬೈದಳು, ಆಮೇಲೆ ಶಫಿಗೆ ಫೋನ್ ಹಚ್ಚಿದಳು. ಶಫಿ ಅಲ್ಲಿಂದಲೇ ಯಾವ ಬಟನ್ ಒತ್ತಬೇಕೆಂದು ಹೇಳಿದ. ಒತ್ತಿದರು. ಸ್ಕ್ರೀನಿನ ಮೇಲೆ ಸಾಲಾಗಿ ಹೆಸರು ಬಂದವು. ಕಂಪ್ಯೂಟರಿನ ಜೊತೆ ಎದ್ದು ಕೂರುವವರೆಲ್ಲ ಅಲ್ಲಿದ್ದರು.

"ನೋಡಿದೆಯಾ? ಇವೇ! ದಿನಾ ಬಳಸೋದನ್ನ ಬಿಡು. ಒಂದು ದಿನವೂ ಬಳಸದೇ ಇರೋದನ್ನ ಆಫ್ ಮಾಡು. ಇಷ್ಟಾದರೂ ತಲೆಗೆ ಹೋಯ್ತಾ?"

"ಹೋಯ್ತವ್ವಾ."

ಹೋಗಿದ್ದು ನೋಡಿ! ಹಾಲಮ್ಮ ಅತ್ತ ದಾರ ಸುತ್ತಲು ತಿರುಗಿದಳು, ಇತ್ತ ತಿಪ್ಪೇಶ ಕೂತ. ಕಾರಿನ ಆಟ. ದಿನಾ ಆಡ್ತೀನಿ, ಇರಲಿ. ಹಾಡು. ದಿನಾ ಕೇಳ್ತೀನಿ, ಇರಲಿ. ಹರಟೆಯದ್ದು. ಅಯ್ಯೋ, ದಿನಾ ಬೇಕು, ಇರಲಿ. ವೈರಸ್ ಕಾಯುವುದು. ಇದನ್ನ ನಾನು ಒಂದು ದಿನವೂ ಮುಟ್ಟಿಲ್ಲ, ಆಫ್! ಕಸೂತಿ ಮಷಿನ್‌ಗೆ ಡಿಸೈನ್ ಕಳಿಸುವುದು. ಮಷಿನ್ ಅವ್ವನದು, ನಾನು ಯಾವತ್ತು ಬಳಸಿದೆ? ಆಫ್!

ಕಂಪ್ಯೂಟರ್ ಮತ್ತೆ ಎದ್ದಾಗ ಹಾಡು ಕಿರುಚಿತು, ಕಾರು ಓಡಿತು, ಹರಟೆ ಟಿಣ್ ಟಿಣ್ ಅಂತು. ನವಿಲು ಮಾತ್ರ ಮಷಿನ್‌ಗೆ ಹೋಗಲಿಲ್ಲ. ಹಾಲಮ್ಮ ಒತ್ತಿದಳು, ಕುಟ್ಟಿದಳು, ಕೈ ಮುಗಿದಳು. ಉಹೂಂ. ಆಗಲೇ ಗುರುವಾರ ಬೆಳಿಗ್ಗೆ.

ಕೊನೆಗೆ ಶಫಿಯೇ ಪ್ಲಾಸ್ಟರ್ ಕಾಲು ಹೊರಗೆ ಚಾಚಿಕೊಂಡು ಆಟೋದಲ್ಲಿ ಬಂದ. ನೋಡಿದ. ತಿಪ್ಪೇಶನ ಕಡೆ ಊರುಗೋಲು ಎತ್ತಿದ.

"ಕಾವಲುಗಾರನ್ನ ಮಲಗಿಸಿ, ಪೋಲಿಗಳನ್ನ ಎಬ್ಬಿಸಿದ್ದೀಯಲ್ಲೋ! ಹಾಲಕ್ಕಾ, ಇವನನ್ನ ಯಾಕೆ ಕಂಪ್ಯೂಟರ್ ಹತ್ರ ಬಿಡ್ತೀಯಾ?"

"ಎಲ್ಲಿ ಬಿಡ್ಲಿ ಶಫಿ? ಬಿಟ್ಟಲ್ಲೆಲ್ಲ ಇದೇ!"

ಶಫಿ ಆಟ, ಹಾಡು, ಹರಟೆ ಮೂರನ್ನೂ ಆಫ್ ಮಾಡಿದ, ಕಾವಲನ್ನೂ ಮಷಿನಿನದನ್ನೂ ಆನ್ ಮಾಡಿದ. ಮತ್ತೆ ಸ್ವಿಚ್ ಒತ್ತಿದರೆ, ಚಹಾದ ಲೋಟ ಬಾಯಿಗೆ ಹೋಗುವ ಮುಂಚೆ ಕಂಪ್ಯೂಟರ್ ಎದ್ದು ಕೂತಿತ್ತು! ಹಾಲಮ್ಮನ ಕಣ್ಣಲ್ಲಿ ನೀರು ಬಂತು.

ಹೋಗುವಾಗ ಶಫಿ ಅಂದ: "ಆಟ, ಹಾಡು ಬೇಕಾದರೆ ಆಮೇಲೆ ಹಾಕ್ಕೋ. ಆದರೆ ಒಟ್ಟಿಗೇ ಎಲ್ಲಾ ಬಿಡಬೇಡ. ಒಂದೊಂದಾಗಿ."

"ಕೇಳಿಸ್ತಾ?" ಹಾಲಮ್ಮ ಮಗನ ಕಿವಿ ಹಿಂಡಿದಳು. "ಒಂದೊಂದಾಗಿ! ಒಂದರ ಕೆಲಸ ಪೂರ್ತಿ ಆಯ್ತೋ ನೋಡು, ಆಮೇಲೆ ಇನ್ನೊಂದು ಬಿಡು! ಹೇಳು!"

"ಒಂದರ ಕೆಲಸ ಪೂರ್ತಿ ಆದಮೇಲೆ ಇನ್ನೊಂದು."

ಅವತ್ತೆಲ್ಲ ಮಷಿನ್ ಟಕಟಕ ಓಡಿತು. ಎಡ ತೋಳಿಗೆ ಒಂದು ನವಿಲು, ಬಲ ತೋಳಿಗೆ ಒಂದು ನವಿಲು. ಎಂಥ ನವಿಲು! ಮುಟ್ಟಿದರೆ ಹಾರುತ್ತೇನೋ ಅನ್ನುವಂಥ ನವಿಲು. ಶುಕ್ರವಾರ ಬೆಳಿಗ್ಗೆ ಎರಡನ್ನೂ ಕವರಿನಲ್ಲಿಟ್ಟು ಮಗನ ಕೈಗೆ ಕೊಟ್ಟಳು. "ಛತ್ರದಲ್ಲಿ ಕೊಟ್ರಪ್ಪ ಮಷಿನ್ ಇಟ್ಕೊಂಡು ಕಾಯ್ತಿದಾನೆ. ಓಡು. ನಾನು ಸ್ನಾನ ಮಾಡಿ ಸೀರೆ ಉಟ್ಕೊಂಡು ಬರ್ತೀನಿ."

ತಿಪ್ಪೇಶ ಎರಡು ಹೆಜ್ಜೆ ಹೋದ. ನಿಂತ. ಕವರ್ ಬಿಚ್ಚಿ ನೋಡಿದ. ಎರಡಿವೆ! ಅವ್ವನೇ ಮರೆತಳಲ್ಲ, ಪಾಪ! ವಾಪಸ್ ಬಂದು ಒಂದು ತೋಳನ್ನು ಅಕ್ಕಿ ಹಿಟ್ಟಿನ ಡಬ್ಬದೊಳಗೆ ಭದ್ರವಾಗಿಟ್ಟು, ಒಂದನ್ನು ಒಯ್ದ.

"ಇನ್ನೊಂದು ಎಲ್ಲೋ?" ಅಂದ ಕೊಟ್ರಪ್ಪ.

"ಮೊದಲು ಇದರ ಕೆಲಸ ಪೂರ್ತಿ ಆಗಲಿ."

ಕೊಟ್ರಪ್ಪ ಬೈದುಕೊಂಡೇ ಆ ತೋಳು ಜೋಡಿಸಿದ. "ಆಯ್ತು, ತಾ!"

"ಎಲ್ಲಾಯ್ತು? ತೋಳಿನ ಕೆಲಸ ಏನು? ಮದುಮಗಳ ಕೈಯಲ್ಲಿ ಇರೋದು. ಅವಳು ಹಾಕ್ಕೊಳ್ಳಲಿ."

ಗದರಿದರು, ಗೋಗರೆದರು, ಸರ್ವಮಂಗಳಮ್ಮ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡಳು. ಎಲ್ಲಿಟ್ಟಿದ್ದೀಯಾ ಅಂದರೆ ಬಾಯಿ ಬಿಡಲಿಲ್ಲ. ಪುರೋಹಿತರು ಒಂದೇ ಸಮ ಕೂಗುತ್ತಿದ್ದರು, ಮುಹೂರ್ತ ಮೀರುತ್ತದೆ, ಹುಡುಗಿಯನ್ನು ಕರೆತನ್ನಿ! ಬೇರೆ ದಾರಿಯಿಲ್ಲದೆ ಹುಡುಗಿಗೆ ಒಂದೇ ತೋಳಿನ ರವಿಕೆ ತೊಡಿಸಿ, ಇನ್ನೊಂದು ಕಡೆ ಸೆರಗು ಹೊದಿಸಿ, ಪಿನ್ನು ಚುಚ್ಚಿ, ಅಳುತ್ತಿದ್ದವಳನ್ನು ಹಾಗೇ ಮಂಟಪಕ್ಕೆ ಕರೆದುಕೊಂಡು ಹೋದರು. ತಿಪ್ಪೇಶ ಬಗ್ಗಿ ನೋಡಿದ. ನವಿಲು ಕೈಯ ಮೇಲಿದೆ. "ಹಾಂ, ಈಗ ಪೂರ್ತಿ ಆಯ್ತು!" ಅಂತ ಮನೆ ಕಡೆ ಓಟ ಕಿತ್ತ.

ಹಾಲಮ್ಮ ರೇಷ್ಮೆ ಸೀರೆ ಉಟ್ಟು ಛತ್ರದೊಳಗೆ ಕಾಲಿಡುವುದಕ್ಕೂ, ಗಟ್ಟಿಮೇಳ ಬಾರಿಸುವುದಕ್ಕೂ ಸರಿಹೋಯಿತು. ಎಲ್ಲರೂ ಅಕ್ಷತೆ ಎತ್ತಿದ್ದಾರೆ. ವರ ತಾಳಿ ಹಿಡಿದಿದ್ದಾನೆ. ಅಷ್ಟರಲ್ಲಿ ಜನರ ನಡುವೆ ನುಗ್ಗಿಕೊಂಡು, ಮೈಯೆಲ್ಲ ಅಕ್ಕಿ ಹಿಟ್ಟು ಮೆತ್ತಿಕೊಂಡು, ಒಂದು ತೋಳನ್ನು ಬಾವುಟದ ಹಾಗೆ ಬೀಸುತ್ತಾ ಮಂಟಪ ಹತ್ತಿದ ತಿಪ್ಪೇಶ. ವರನ ಕೈ ಪಕ್ಕಕ್ಕೆ ಸರಿಸಿದ.

"ಸ್ವಲ್ಪ ತಡಿ ಮಾರಾಯಾ! ಈಗ ಎರಡನೆಯದು ಬಿಡ್ತೀನಿ!"

ಸೆರಗು ಸರಿಸಿ, ಮದುಮಗಳ ಬರೀ ತೋಳಿಗೆ ನವಿಲು ಏರಿಸಿ, ಮೊಣಕೈ ತನಕ ಎಳೆದು, ಮೇಲಿಂದ ಎರಡು ಸಲ ತಟ್ಟಿದ.

ಆಮೇಲೆ ಏನಾಯಿತು ಅಂತ ಕೇಳಬೇಡಿ. ತಾಳಿ ಹೇಗೋ ಕೊರಳಿಗೆ ಬಿತ್ತು. ಸರ್ವಮಂಗಳಮ್ಮ ಆಡಿದ ಮಾತು ನಿಮ್ಮ ಕಿವಿಗಲ್ಲ. ಆ ಸಂಜೆಗೇ ಹಾಲಮ್ಮನ ಬಾಗಿಲಿಗೆ ಬಂದಿದ್ದ ಬಟ್ಟೆಯೆಲ್ಲ ಗಂಟು ಕಟ್ಟಿಕೊಂಡು ವಾಪಸ್ ಹೋಯಿತು. ಬೆಂಕಿಯ ಹಾಗೆ ಬೇಗ ಏಳುವ ಕಂಪ್ಯೂಟರ್, ಓಡಲು ತಯಾರಾದ ಮಷಿನ್, ಹೊಲಿಯಲು ಒಂದು ತುಂಡೂ ಇಲ್ಲ.

ಹಾಲಮ್ಮ ಪೊರಕೆ ಹಿಡಿದಳು. ಹೊಡೆದಳು, ಬೈದಳು, ಮತ್ತೆ ಹೊಡೆದಳು. ಸುಸ್ತಾಗಿ ನಿಂತಳು. ತಿಪ್ಪೇಶ ಬೆನ್ನು ಉಜ್ಜಿಕೊಂಡ, ಅವಳ ಮುಖವನ್ನೇ ನೋಡಿದ, ಯೋಚನೆ ಮಾಡಿ ಮಾಡಿ ಒಂದು ಮಾತು ಕೇಳಿದ.

"ಅವ್ವಾ, ಬೆಳಿಗ್ಗೆ ನೀನು ಕಣ್ಣು ಬಿಡೋಕೂ ಮುಂಚೆ ನಿನ್ನ ಸಿಟ್ಟು ಎದ್ದು ಕೂತಿರ್ತದಲ್ಲಾ, ಅದನ್ನ ಯಾರು ಕರೀತಾರೆ?"