ಲೆನ್ಸಿನ ನೆತ್ತಿಯ ಮೇಲೆ ಮಿಂಚುಳ್ಳಿ

ಕೆರೆಯ ದಡದಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂತಿದ್ದ ಉದ್ದ ಮೂತಿಯ ಲೆನ್ಸು ಬೆಳಗಿನಿಂದ ಫೋಟೊ ತೆಗೆಯುವ ವಿದ್ಯೆಯ ಬಗ್ಗೆ ಉಪನ್ಯಾಸ ಕೊಡುತ್ತಿತ್ತು. ಅದರ ಮೂತಿಗೆ ಅಂಟಿಕೊಂಡಿದ್ದ ಮುಚ್ಚಳ ತಾಳಲಾರದೆ ಹೇಳಿತು: “ಸ್ವಾಮಿ, ಎದುರಿನ ಕೊಂಬೆಗೆ ಮಿಂಚುಳ್ಳಿ ಬಂದಿದೆ. ಒಮ್ಮೆ ಮೈ ಕೊಡವಿದರೆ ನಾನು ಕಳಚಿ ಬೀಳುತ್ತೇನೆ.”

“ಇನ್ನೂ ಕತ್ತಲೆಯಿದೆ. ಬೆಳಕಿನ ವಿಷಯವನ್ನು ಪ್ಲಾಸ್ಟಿಕ್ ಚೂರಿನಿಂದ ಕಲಿಯುವ ಗತಿ ನನಗೆ ಬಂದಿಲ್ಲ,” ಎಂದಿತು ಲೆನ್ಸು.

ಮಿಂಚುಳ್ಳಿ ನೀರಿಗೆ ಧುಮುಕಿ ಮೀನು ಹಿಡಿದು, ನೇರವಾಗಿ ಲೆನ್ಸಿನ ನೆತ್ತಿಯ ಮೇಲೆ ಬಂದು ಕೂತು ನುಂಗಿತು. ಮುಚ್ಚಳ ಹಕ್ಕಿಯನ್ನು ಕೇಳಿತು:

“ಇಲ್ಲೇ ಏಕೆ ಕೂತೆ?”

“ಊಟದ ಹೊತ್ತಿಗೆ ಯಾರೂ ನೋಡಬಾರದು. ಪಂಡಿತರ ತಲೆಗಿಂತ ಮರೆಯಾದ ಜಾಗ ಈ ಕೆರೆಯಲ್ಲಿಲ್ಲ,” ಎಂದು ಮಿಂಚುಳ್ಳಿ ಅಲ್ಲೇ ಹಿಕ್ಕೆ ಹಾಕಿ ಹಾರಿಹೋಯಿತು.

“ಮಳೆ ಹನಿಯುತ್ತಿದೆ,” ಎಂದು ಲೆನ್ಸು ಮಳೆಗಾಲದಲ್ಲಿ ಫೋಟೊ ತೆಗೆಯುವ ಬಗೆಯನ್ನು ವಿವರಿಸತೊಡಗಿತು.