ಕುದುರೆ ವ್ಯಾಪಾರಿಯ ಉಪಾಯ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಯುದ್ಧ ನಿಲ್ಲಿಸುವ ಉಪಾಯ ತನ್ನಲ್ಲಿದೆ, ತನ್ನನ್ನೇ ಆರಿಸಿ ಎಂದು ಒಬ್ಬಾತ ಜನರ ಮುಂದೆ ನಿಲ್ಲುತ್ತಾನೆ. ಅವನು ಆ ಉಪಾಯವನ್ನು ಮೊದಲೇ ಹೇಳಬೇಕೋ, ಆರಿಸಿದ ಮೇಲೆ ಹೇಳಬೇಕೋ?”

ಶಿಷ್ಯನ ಹೆಸರು ಅಡವಯ್ಯ. ಅವನ ಊರಿನಲ್ಲಿ ಬಹಳ ಕಾಲದಿಂದ ಕಾಳಗ ನಡೆದಿತ್ತು. ಹೊಸ ಯಜಮಾನನನ್ನು ಆರಿಸುವ ಹೊತ್ತು ಬಂದಿತ್ತು. ಅವನ ಸೋದರಮಾವ ಅದಕ್ಕೆ ನಿಂತಿದ್ದ. ಹಳ್ಳಿ ಹಳ್ಳಿಗೆ ಹೋಗಿ ತನ್ನ ಪರವಾಗಿ ಮಾತಾಡು ಎಂದು ಅಳಿಯನಿಗೆ ಹೇಳಿ ಕಳಿಸಿದ್ದ. ಅಡವಯ್ಯ ಹೊರಡುವ ಮುಂಚೆ ಗುರುಗಳ ಹತ್ತಿರ ಬಂದಿದ್ದ.

“ನಿನ್ನ ಮಾವ ಏನು ಹೇಳುತ್ತಾನೆ?” ಎಂದರು ಗುರುಗಳು.

“ಜನರಿಗೆ ಹೇಳಿದ್ದು ಶತ್ರುವಿಗೂ ಕೇಳಿಸುತ್ತದೆ, ಅದಕ್ಕೇ ಹೇಳುವುದಿಲ್ಲ ಎನ್ನುತ್ತಾರೆ. ಆ ಮಾತು ಸರಿ ಎಂದೇ ನನಗೂ ತೋರುತ್ತದೆ.”

“ಸರಿಯೇ ಇರಬಹುದು. ಕೂತುಕೋ” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಎರಡು ಊರುಗಳಿದ್ದವು. ಹೊಳೆಯ ದಂಡೆಯಲ್ಲಿದ್ದದ್ದು ಹೊಳೆಯೂರು, ಗುಡ್ಡದ ಬುಡದಲ್ಲಿದ್ದದ್ದು ಗುಡ್ಡದೂರು. ನಡುವೆ ದೊಡ್ಡದೊಂದು ಹುಲ್ಲುಗಾವಲು. ಅದು ತಮ್ಮದು ಎಂದು ಇವರು ಹೇಳುತ್ತಿದ್ದರು, ತಮ್ಮದು ಎಂದು ಅವರು. ಯಾರು ಮೊದಲು ಯಾರ ದನ ಅಟ್ಟಿದರು ಎಂಬುದು ಯಾರಿಗೂ ನೆನಪಿರಲಿಲ್ಲ. ದೊಣ್ಣೆಯಲ್ಲಿ ಶುರುವಾದ ಜಗಳ ಭರ್ಜಿಗೆ ಬಂದಿತ್ತು. ಎರಡೂ ಊರಿನಲ್ಲಿ ಗಂಡಸರಿಲ್ಲದ ಮನೆಗಳು ಹೆಚ್ಚುತ್ತಿದ್ದವು.

ಹುಲ್ಲುಗಾವಲಿನ ನಡುವೆ ಕುರುಬರ ಒಂದು ಹಟ್ಟಿ ಇತ್ತು. ಹಟ್ಟಿ ಹೊಳೆಯೂರಿಗೆ ಸೇರಿದ್ದು. ಗುಡ್ಡದೂರಿನವರು ದಾಳಿಗೆ ಬಂದರೆ ಮೊದಲು ಎದುರಾಗುತ್ತಿದ್ದದ್ದು ಆ ಹಟ್ಟಿಯೇ. ಹೊಳೆಯೂರಿನವರು ಎಚ್ಚೆತ್ತು ಬರುವಷ್ಟರಲ್ಲಿ ಅಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತಿತ್ತು. ಹಟ್ಟಿಯಲ್ಲಿ ಮಾಳವ್ವ ಎಂಬ ಹೆಂಗಸಿದ್ದಳು. ಅವಳ ಹಿರಿಯ ಮಗ ಇಂಥದೊಂದು ದಾಳಿಯಲ್ಲಿ ಸತ್ತಿದ್ದ. ಕಿರಿಯ ಮಗ ಪಹರೆಗೆ ಹೋಗಿದ್ದ. ನಾಯಿ ಬೊಗಳಿದರೆ ಸಾಕು, ಅವಳು ಎದ್ದು ಬಾಗಿಲಿಗೆ ಬರುತ್ತಿದ್ದಳು.

ಹೊಳೆಯೂರಿನಲ್ಲಿ ಯಜಮಾನನನ್ನು ಜನರೇ ಆರಿಸುವ ಪದ್ಧತಿ. ಮನೆಗೊಂದು ಕವಡೆ. ತಮಗೆ ಬೇಕಾದವನ ಗಡಿಗೆಯಲ್ಲಿ ಅದನ್ನು ಹಾಕಬೇಕು. ಆ ಸಲ ಇಬ್ಬರು ನಿಂತರು. ಒಬ್ಬ ಗಾಣಿಗ, ಇನ್ನೊಬ್ಬ ಕುದುರೆ ವ್ಯಾಪಾರಿ.

ಗಾಣಿಗ ಮೊದಲು ಮಾತಾಡಿದ. “ನಾನು ಯಜಮಾನನಾದರೆ ಹುಲ್ಲುಗಾವಲಿನಲ್ಲಿ ಅರ್ಧ ಬಿಟ್ಟುಕೊಡುತ್ತೇನೆ. ಅವರು ಒಪ್ಪದಿದ್ದರೆ ಸುಗ್ಗಿಯಲ್ಲಿ ಒಂದಿಷ್ಟು ಕಾಳೂ ಕೊಡುತ್ತೇನೆ. ಯುದ್ಧ ನಿಲ್ಲಬೇಕು” ಎಂದ.

ಆ ಮಾತು ಸಂಜೆಯೊಳಗೆ ಗುಡ್ಡದೂರು ಮುಟ್ಟಿತು. ಅಲ್ಲಿನವರು, “ಕೇಳುವ ಮೊದಲೇ ಅರ್ಧ ಕೊಡುವವನು ಕೇಳಿದರೆ ಪೂರ್ತಿ ಕೊಟ್ಟಾನು” ಎಂದರು. ಅದು ಮರುದಿನ ತಿರುಗಿ ಹೊಳೆಯೂರಿಗೆ ಬಂತು. ಗಾಣಿಗ ಬೀದಿಯಲ್ಲಿ ಹೋದರೆ ಜನ ನಗತೊಡಗಿದರು.

ಆಮೇಲೆ ಕುದುರೆ ವ್ಯಾಪಾರಿ ನಿಂತ. ಅವನು ಸೀಮೆಯೆಲ್ಲ ತಿರುಗಿದವನು. ಕಾಳಗದ ನಡುವೆಯೂ ಎರಡೂ ಊರಿನಲ್ಲಿ ಅವನ ಕುದುರೆಗಳು ಮಾರಾಟವಾಗುತ್ತಿದ್ದವು. ಮಾತು ಬಲ್ಲವನು.

“ಗಾಣಿಗನ ಗತಿ ನೋಡಿದಿರಿ. ನನ್ನಲ್ಲೂ ಒಂದು ಉಪಾಯವಿದೆ. ಮಳೆಗಾಲ ಹಿಡಿಯುವುದರೊಳಗೆ ಯುದ್ಧ ನಿಲ್ಲುತ್ತದೆ. ಆದರೆ ಏನೆಂದು ಹೇಳುವುದಿಲ್ಲ. ಬಿತ್ತಿದ ಬೀಜವನ್ನು ದಿನಾ ಕೆದಕಿ ನೋಡಿದರೆ ಅದು ಮೊಳೆಯುವುದಿಲ್ಲ” ಎಂದ.

ಜನ ತಲೆದೂಗಿದರು. ಹಟ್ಟಿಯವರು ಒಂದು ಬದಿಗೆ ನಿಂತು ಕೇಳುತ್ತಿದ್ದರು. ಅವರ ನಡುವಿನಿಂದ ಮಾಳವ್ವ ಮುಂದೆ ಬಂದಳು.

“ಅಪ್ಪಾ, ಬೀಜ ತೋರಿಸಬೇಡ. ಯಾರ ಹೊಲದಲ್ಲಿ ಬಿತ್ತುತ್ತೀಯ, ಅದನ್ನು ಹೇಳು.”

ವ್ಯಾಪಾರಿ ಅವಳ ಹತ್ತಿರಕ್ಕೆ ಬಂದ. ಆಮೇಲೆ ಮೆಲ್ಲಗೆ ಕೇಳಿದ: “ಅವ್ವಾ, ನಿನಗೆ ಮಗ ಇದ್ದಾನೆಯೇ?”

“ಒಬ್ಬ ಇದ್ದಾನೆ. ಪಹರೆಯಲ್ಲಿದ್ದಾನೆ.”

“ಮಳೆಗಾಲಕ್ಕೆ ಅವನು ಮನೆಯಲ್ಲಿರುತ್ತಾನೆ. ಇದು ನನ್ನ ಮಾತು. ಅಷ್ಟು ಸಾಲದೇ?”

ಮಾಳವ್ವನಿಗೆ ಅಷ್ಟು ಸಾಕಾಗಿತ್ತು. ಮರುದಿನ ಅವಳು ತನ್ನ ಕವಡೆಯನ್ನು ವ್ಯಾಪಾರಿಯ ಗಡಿಗೆಯಲ್ಲಿ ಹಾಕಿದಳು. ಹಟ್ಟಿಯ ಒಂದು ಕವಡೆಯೂ ಗಾಣಿಗನ ಗಡಿಗೆಗೆ ಬೀಳಲಿಲ್ಲ.

ವ್ಯಾಪಾರಿ ಯಜಮಾನನಾದ. ಮಾತಿಗೆ ತಪ್ಪಲಿಲ್ಲ. ಮೊದಲ ಮಳೆ ಬೀಳುವ ಮೊದಲೇ ಯುದ್ಧ ನಿಂತಿತು. ಪಹರೆಯವರು ಭರ್ಜಿ ಕೆಳಗಿಟ್ಟು ಮನೆಗೆ ಬಂದರು. ಮಾಳವ್ವನ ಮಗನೂ ಬಂದ. ಹೊಳೆಯೂರಿನಲ್ಲಿ ಮನೆಮನೆಯಲ್ಲೂ ಹೋಳಿಗೆ ಮಾಡಿದರು. ಯುದ್ಧ ಹೇಗೆ ನಿಂತಿತು ಎಂದು ಆ ದಿನಗಳಲ್ಲಿ ಯಾರೂ ಕೇಳಲಿಲ್ಲ.

ಕೆಲವು ದಿನ ಕಳೆದ ಮೇಲೆ ಗುಡ್ಡದೂರಿನ ಆಳುಗಳು ಗಾಡಿಯಲ್ಲಿ ಕಲ್ಲು ಹೇರಿಕೊಂಡು ಹಟ್ಟಿಗೆ ಬಂದರು. ಹಟ್ಟಿಯನ್ನು ದಾಟಿ ಹೊಳೆಯೂರಿನ ಕಡೆಗೆ ಹೋಗಿ ಅಲ್ಲಿ ಗುಂಡಿ ತೋಡಿ ಗಡಿಕಲ್ಲು ನೆಡತೊಡಗಿದರು. ಮಾಳವ್ವ ಹೋಗಿ ಅವರ ಮುಖ್ಯಸ್ಥನನ್ನು ಕೇಳಿದಳು.

“ಅಣ್ಣಾ, ಕಲ್ಲು ಇಲ್ಲೇಕೆ ನೆಡುತ್ತೀರಿ? ಹಟ್ಟಿ ನಿಮ್ಮ ಕಡೆಗೆ ಉಳಿಯಿತಲ್ಲ.”

ಅವನಿಗೆ ಆಶ್ಚರ್ಯವಾಯಿತು. “ಹಟ್ಟಿಯೂ ಹುಲ್ಲುಗಾವಲೂ ಇನ್ನು ನಮ್ಮವು. ನಿಮ್ಮ ಯಜಮಾನ ಕೊಟ್ಟದ್ದೇ ಅದನ್ನು. ಅವನು ಯಜಮಾನಿಕೆಗೆ ನಿಲ್ಲುವ ಮೊದಲೇ, ಕುದುರೆ ಮಾರಲು ಬಂದಾಗ, ನಮ್ಮ ಹಿರಿಯರ ಜೊತೆ ಈ ಮಾತು ಮುಗಿಸಿದ್ದ. ನಿಮಗೆ ಹೇಳಲಿಲ್ಲವೇ?” ಎಂದ.

ಅವನು ಕೆಟ್ಟವನಾಗಿರಲಿಲ್ಲ. ಕುಡಿಯಲು ನೀರು ಕೇಳಿದ. ಅವಳು ಕೊಟ್ಟಳು.

ಮಾಳವ್ವ ಹೊಳೆಯೂರಿಗೆ ನಡೆದು ಯಜಮಾನನ ಮನೆಗೆ ಹೋದಳು. ಅವನು ಬಾಗಿಲು ಹಾಕಿಸಲಿಲ್ಲ. ಬರಮಾಡಿಕೊಂಡು ಎದುರಿಗೆ ಕೂರಿಸಿದ. ತಾನು ಮಾಡಿದ್ದು ಸರಿ ಎಂಬ ನಂಬಿಕೆ ಅವನಿಗಿತ್ತು.

“ನಿನ್ನ ಮಗ ಮನೆಗೆ ಬಂದನಲ್ಲವೇ, ಅವ್ವಾ?” ಎಂದು ಕೇಳಿದ.

“ಬಂದ. ಅದಕ್ಕೆ ನಿನಗೆ ಕೈ ಮುಗಿಯುತ್ತೇನೆ. ಆದರೆ ಅವನು ಬಂದ ಮನೆ ಈಗ ಯಾರದ್ದು?”

“ಒಂದು ಹಟ್ಟಿ ಹೋಯಿತು, ಇಡೀ ಊರು ಉಳಿಯಿತು. ಇದಕ್ಕಿಂತ ಅಗ್ಗದಲ್ಲಿ ಯುದ್ಧ ನಿಲ್ಲುತ್ತಿರಲಿಲ್ಲ.”

“ನಮ್ಮನ್ನು ಕೇಳಿದ್ದರೆ ನಾವೇ ಕೊಡುತ್ತಿದ್ದೆವೋ ಏನೋ.”

“ಕೊಡದೆ ಹೋಗಿದ್ದರೆ?” ಎಂದ ಯಜಮಾನ. “ಅದಕ್ಕೇ ಕೇಳಲಿಲ್ಲ.”

ಮಾಳವ್ವ ಎದ್ದು ಹೊರಗೆ ಬಂದಳು. ಊರಿನ ಬೀದಿಯಲ್ಲಿ ನಾಲ್ಕಾರು ಮನೆಗಳ ಮುಂದೆ ನಿಂತು ಆದದ್ದನ್ನು ಹೇಳಿದಳು. ಜನ ಅಯ್ಯೋ ಎಂದರು. ಒಬ್ಬಳು ಮಜ್ಜಿಗೆ ಕೊಟ್ಟಳು. ಆದರೆ ಅವರ ಮಕ್ಕಳೂ ಪಹರೆಯಿಂದ ಮನೆಗೆ ಬಂದಿದ್ದರು. ನಿಂತ ಯುದ್ಧವನ್ನು ಕೆದಕಲು ಯಾರಿಗೂ ಮನಸ್ಸಾಗಲಿಲ್ಲ. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ತಾನೂ ಅವರ ಜಾಗದಲ್ಲಿದ್ದರೆ ಸುಮ್ಮನಿರುತ್ತಿದ್ದೆನೇನೋ ಎಂದುಕೊಂಡು ಹಟ್ಟಿಗೆ ತಿರುಗಿದಳು.

ಹಟ್ಟಿಯವರು ಜಗಳಕ್ಕೆ ಹೋಗಲಿಲ್ಲ. ಗುಡ್ಡದೂರಿನವರು ಕೇಳಿದ ಕುರಿ ಕೊಟ್ಟರು, ಉಣ್ಣೆ ಕೊಟ್ಟರು, ತಲೆ ತಗ್ಗಿಸಿ ಬದುಕಿದರು. ಕೆಡುಕು ಬೇರೆ ಕಡೆಯಿಂದ ಬಂತು.

ಹೊಳೆಯೂರಿನ ಸುತ್ತ ಅಂಚಿನಲ್ಲಿ ಬೇರೆ ಹಳ್ಳಿಗಳೂ ಇದ್ದವು. ಒಂದು ಬೆಸ್ತರದು, ಒಂದು ಮಡಕೆ ಮಾಡುವವರದು, ಒಂದು ಹೊಳೆಯ ತಿರುವಿನಲ್ಲಿ ಹೂವು ಬೆಳೆಯುವವರದು. ಹಟ್ಟಿಯ ಸುದ್ದಿ ಅಲ್ಲಿಗೆ ಮುಟ್ಟಿತು. ನಾಳೆ ಇನ್ನೊಂದು ಯುದ್ಧ ಬಂದರೆ ಕೊಡುವುದು ಯಾರನ್ನು ಎಂದು ಪ್ರತಿ ಹಳ್ಳಿಯವರೂ ಯೋಚಿಸಿದರು. ಯಾರೂ ಬಾಯಿಬಿಟ್ಟು ಆಡಲಿಲ್ಲ. ಪಹರೆಗೆ ಆಳು ಕಳಿಸಿ ಎಂದರೆ ಹೊಲದ ಕೆಲಸವಿದೆ ಎಂದರು. ಬೇಲಿ ಬಿದ್ದರೆ ಎತ್ತಲು ಬರಲಿಲ್ಲ. ತಮ್ಮನ್ನು ಯಾವಾಗ ಕೊಟ್ಟುಬಿಡುತ್ತಾರೋ ತಿಳಿಯದ ಊರನ್ನು ಕಾಯುವುದು ಅವರಿಗೆ ಬೇಡವಾಗಿತ್ತು.

ಹೊಳೆಯೂರಿನ ಅಂಚು ಬರಿದಾದದ್ದನ್ನು ಗುಡ್ಡದೂರಿನ ಹಿರಿಯರು ಕಂಡರು. ಬೆಸ್ತರ ಹಳ್ಳಿಯೂ ತಮಗೆ ಬೇಕು ಎಂದು ಹೇಳಿ ಕಳಿಸಿದರು. ಯಜಮಾನ ಆಗುವುದಿಲ್ಲ ಎಂದ. ಮತ್ತೆ ಭರ್ಜಿಗಳು ಹೊರಬಂದವು. ಈ ಸಲ ಹುಲ್ಲುಗಾವಲಿನಲ್ಲಿ ತಡೆಯುವವರಿರಲಿಲ್ಲ. ಕಾಳಗ ಹೊಳೆಯೂರಿನ ಬಾಗಿಲಿಗೇ ಬಂತು. ಮಜ್ಜಿಗೆ ಕೊಟ್ಟಿದ್ದ ಹೆಂಗಸಿನ ಮನೆಯ ಸೂರು ಸುಟ್ಟುಹೋಯಿತು.

ಅಂಥ ಹೊತ್ತಿನಲ್ಲಿ ಮತ್ತೆ ಯಜಮಾನನನ್ನು ಆರಿಸುವ ಕಾಲ ಬಂತು. ಹಟ್ಟಿ ಈಗ ಗಡಿಯಾಚೆ ಇತ್ತು. ಆದರೂ ಅಲ್ಲಿನ ಕೆಲವರು ಬಂದು ದೂರದಲ್ಲಿ ನಿಂತರು. ವ್ಯಾಪಾರಿ ಎದ್ದು, ತನ್ನಲ್ಲಿ ಇನ್ನೊಂದು ಉಪಾಯವಿದೆ ಎಂದ. ಯಾರೂ ಅವನನ್ನು ಬಯ್ಯಲಿಲ್ಲ. ಅಂಚಿನ ಹಳ್ಳಿಗಳವರು ಒಬ್ಬರ ಮುಖ ಒಬ್ಬರು ನೋಡಿದರು, ಅಷ್ಟೆ. ಅವನು ಮಾತು ಅರ್ಧಕ್ಕೆ ನಿಲ್ಲಿಸಿ ಕೂತುಬಿಟ್ಟ.

ಗಾಣಿಗ ಎದ್ದ.

“ಹಿಂದಿನ ಸಲ ನಾನು ಎಲ್ಲ ಹೇಳಿದೆ, ಅವರು ಕೇಳಿಸಿಕೊಂಡರು. ಈ ಸಲ ನಾನು ಮಾತುಕತೆ ಎಲ್ಲಿಂದ ಶುರು ಮಾಡುತ್ತೇನೆ, ಎಲ್ಲಿಯವರೆಗೆ ಹೋಗುತ್ತೇನೆ, ಹೇಳುವುದಿಲ್ಲ. ಆದರೆ ನಷ್ಟ ಯಾರಿಗೆ ಎಂಬುದನ್ನು ಹೇಳುತ್ತೇನೆ. ಕೊಡಬೇಕಾಗಿ ಬಂದದ್ದನ್ನು ಊರಿನ ಒಳಗಿನವರು ಕೊಡಬೇಕು. ನನ್ನ ಮನೆಯೂ ಸೇರಿ ಪ್ರತಿ ಮನೆಯ ಕಣಜದಿಂದ ಕಾಳು ಹೋಗುತ್ತದೆ. ಹುಲ್ಲುಗಾವಲಿನಲ್ಲಿ ನಮ್ಮ ದನ ಮೇಯುವ ದಿನಗಳು ಕಡಿಮೆಯಾಗುತ್ತವೆ. ಯಾವ ಹಳ್ಳಿಯ ವಿಷಯ ಬಂದರೂ ಆ ಹಳ್ಳಿಯವರು ನನ್ನ ಪಕ್ಕದಲ್ಲಿ ಕೂತಿರುತ್ತಾರೆ. ಅವರು ಹೂಂ ಎನ್ನದೆ ನಾನು ಹೂಂ ಎನ್ನುವುದಿಲ್ಲ. ಇದು ಬೇಡವಾದರೆ ನಿಮ್ಮ ಕವಡೆ ನನಗೆ ಹಾಕಬೇಡಿ.”

ಹಲವರಿಗೆ ಇದು ಹಿಡಿಸಲಿಲ್ಲ. ತಮ್ಮ ಕಣಜಕ್ಕೆ ಕೈ ಹಾಕುವ ಮಾತು ಯಾರಿಗೆ ಹಿಡಿಸೀತು? ಆದರೂ ಸುಟ್ಟ ಸೂರುಗಳು ಕಣ್ಣ ಮುಂದಿದ್ದವು. ಕಡಿಮೆ ಅಂತರದಲ್ಲಿ ಗಾಣಿಗ ಗೆದ್ದ.

ಅವನು ಮಾಳವ್ವನನ್ನೂ ಬೆಸ್ತರ ಹಿರಿಯನೊಬ್ಬನನ್ನೂ ಕರೆದುಕೊಂಡು ಗುಡ್ಡದೂರಿಗೆ ಹೋದ. ಮಾತುಕತೆ ಬೇಗ ಮುಗಿಯಲಿಲ್ಲ. ಒಮ್ಮೆ ಮುರಿದೂ ಬಿತ್ತು. ಎದ್ದು ಬಂದವರು ಮತ್ತೆ ಹೋಗಿ ಕೂತರು. ಹೊಳೆಯೂರಿನವರು ಹೊರಗೆ ಏನೂ ತಿಳಿಯದೆ ಕಾದರು. ಗೊಣಗಿದರು, ಆದರೆ ಕಾದರು. ತಮ್ಮಿಂದ ಏನು ಹೋಗಬಹುದು ಎಂಬುದು ಅವರಿಗೆ ಮೊದಲೇ ಗೊತ್ತಿತ್ತು, ಅದಕ್ಕಿಂತ ಹೆಚ್ಚಿನ ಭಯ ಇರಲಿಲ್ಲ. ಹಳ್ಳಿಗಳವರು ಕರೆಯದೆಯೇ ಪಹರೆಗೆ ಬಂದರು. ಅಂಚು ಮತ್ತೆ ಗಟ್ಟಿಯಾದದ್ದನ್ನು ಗುಡ್ಡದೂರಿನವರೂ ಕಂಡರು.

ಕೊನೆಗೆ ಹಟ್ಟಿಯನ್ನು ಹಿಂದಕ್ಕೆ ಕೊಡುವಲ್ಲಿ ಮಾತು ಸಿಕ್ಕಿಕೊಂಡಿತು. ಬೇಸಗೆಯಲ್ಲಿ ಗುಡ್ಡದೂರಿನ ದನಗಳಿಗೆ ನೀರಿಲ್ಲ, ಹುಲ್ಲುಗಾವಲಿನಲ್ಲಿ ನೀರಿದ್ದದ್ದು ಹಟ್ಟಿಯ ಕಟ್ಟೆಯಲ್ಲಿ ಮಾತ್ರ. ಆ ನೀರು ಸಿಗದೆ ಅವರು ಒಪ್ಪುವಂತಿರಲಿಲ್ಲ. ಗಾಣಿಗ ಮಾಳವ್ವನ ಕಡೆ ನೋಡಿದ. ಒತ್ತಾಯ ಮಾಡಲಿಲ್ಲ.

ಅವಳು ಬಹಳ ಹೊತ್ತು ಯೋಚಿಸಿದಳು. ಎದುರಿಗೆ ಕೂತಿದ್ದವರಲ್ಲಿ ತನ್ನ ಹಿರಿಯ ಮಗನನ್ನು ಕೊಂದವನೂ ಇದ್ದಾನು ಎಂಬುದು ಅವಳ ಮನಸ್ಸಿನಲ್ಲಿತ್ತು. ಆಮೇಲೆ, “ದನಗಳು ಏನು ಮಾಡಿದವು? ಬೇಸಗೆಯಲ್ಲಿ ಬಂದು ಕುಡಿಯಲಿ. ಹಟ್ಟಿ ಮತ್ತೆ ಹೊಳೆಯೂರಿನ ಕಡೆಗೆ ಇರಲಿ” ಎಂದಳು.

ಗಡಿಕಲ್ಲುಗಳನ್ನು ಕಿತ್ತರು. ಹುಲ್ಲುಗಾವಲನ್ನು ಪಾಳಿಯ ಮೇಲೆ ಮೇಯಿಸುವುದೆಂದಾಯಿತು. ಹೊಳೆಯೂರಿನ ಪ್ರತಿ ಮನೆಯಿಂದ ಕಾಳು ಹೋಯಿತು, ಗಾಣಿಗನ ಮನೆಯಿಂದ ಮೊದಲು. ಆ ಶಾಂತಿ ಮಾಳವ್ವನ ಮೊಮ್ಮಕ್ಕಳ ಕಾಲದವರೆಗೂ ಮುರಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ಕೇಳಿದ:

“ಗುರುಗಳೇ, ವ್ಯಾಪಾರಿ ತನ್ನ ಉಪಾಯ ಹೇಳಲಿಲ್ಲ. ಎರಡನೆಯ ಸಲ ಗಾಣಿಗನೂ ಪೂರ್ತಿ ಹೇಳಲಿಲ್ಲ. ಇಬ್ಬರೂ ಮುಚ್ಚಿಟ್ಟವರೇ. ಹಾಗಾದರೆ ಮುಚ್ಚಿಡುವವರಲ್ಲಿ ಯಾರನ್ನು ನಂಬಬೇಕು ಎಂದು ನಾನು ತಿಳಿಯುವುದು ಹೇಗೆ?”

ಗುರುಗಳು ಹೇಳಿದರು: “ಮನುಷ್ಯ ಯಾರಿಂದ ಮುಚ್ಚಿಡುತ್ತಾನೋ, ಅವನ ಯುದ್ಧ ಅವರೊಡನೆಯೇ.”